ಬಂಪರ್ ಬಿಟ್ಟು ಉಳಿದೆಲ್ಲ ಹೊಳೆಯಿತು

ಯಾರಾದರೂ ಬೈದರೆ ನಾನು ಸಹಿಸಿಕೊಳ್ಳಬಲ್ಲೆ. ಹೊಗಳಿದರೆ ಮಾತ್ರ ಕೆಟ್ಟೆ. ಭಾಲ್ಕಿ ಕಡೆಯ ಸಾಯಗಾಂವದಲ್ಲಿ ಮಾವನವರು, ಬೆಕ್ಕು ಮರಿ ಹಾಕಲು ಮೀಸಲಾಗಿದ್ದ ತಮ್ಮ ಹಳೆಯ ಕಾರನ್ನು ತೋರಿಸಿ, “ನಿಮ್ಮಂಥ ಶಾಣ್ಯಾರ ಕೈಯಾಗ ಬಿದ್ರ ಇದು ಮತ್ತ ಓಡ್ತದ ನೋಡ್ರಿ” ಎಂದದ್ದೇ ತಡ, ಅದನ್ನು ಟ್ರ್ಯಾಕ್ಟರಿಗೆ ಕಟ್ಟಿಸಿ ಮೈಲೂರಿನ ನಮ್ಮ ಮನೆಯಂಗಳಕ್ಕೆ ಎಳೆಸಿಕೊಂಡು ಬಂದೆ. ಅಷ್ಟಕ್ಕೇ ಸುಮ್ಮನಿರದೆ, ಔರಾದಿನಲ್ಲಿ ನಾದಿನಿಯ ಮಗಳ ಮದುವೆಗೆ ಇದರಲ್ಲೇ ಹೋಗೋಣ ಎಂದು ಹೆಂಡತಿ ಸುಮಿತ್ರಾಳಿಗೆ ಮಾತನ್ನೂ ಕೊಟ್ಟೆ. ಅವಳು ಅದನ್ನು ಬಳಗಕ್ಕೆಲ್ಲ ಹಂಚಿದಳು.

ನಾನು ಹೈಸ್ಕೂಲಿನ ಕನ್ನಡ ಮಾಸ್ತರ. ಸಂಧಿ ಬಿಡಿಸುವವನಿಗೆ ನಟ್ಟು ಬಿಡಿಸುವುದು ಯಾವ ಲೆಕ್ಕ ಎಂದುಕೊಂಡಿದ್ದೆ. ತುಕ್ಕು ಹಿಡಿದ ನಟ್ಟುಗಳು ಬೋಲ್ಟಿನೊಂದಿಗೆ ಸೇರಿ ಒಂದೇ ಪದವಾಗಿದ್ದವು. ಯಾವ ಸೂತ್ರಕ್ಕೂ ಜಗ್ಗಲಿಲ್ಲ. ಹೇಗೋ ಬಾಗಿಲ ಹಿಡಿಕೆಗಳನ್ನು ಕಿತ್ತು, ಹುಣಸೆಹುಳಿಯ ನೀರಲ್ಲಿ ನೆನೆಹಾಕಿ, ತಂತಿ ಬ್ರಷ್ಷಿನಿಂದ ತಿಕ್ಕಿದೆ. ಹೊಳೆದವು! ಒಂದನ್ನು ಜೇಬಿನಲ್ಲಿಟ್ಟುಕೊಂಡು ಶಾಲೆಗೂ ಹೋಗಿಬಂದೆ. ಸುಮಿತ್ರಾ ಮಾತ್ರ, “ಬರೇ ಹಿಡಿಕಿ ಹಿಡ್ಕೊಂಡು ಔರಾದಕ್ಕ ಹೋಗಾದೇನ್ರಿ?” ಎಂದಳು.

ಅಷ್ಟರಲ್ಲಿ ಪಕ್ಕದ ಮನೆಯ ನಫೀಸಾ ಬೇಗಂ ಕಂಪೌಂಡಿನಾಚೆಯಿಂದ ನನ್ನ ಕೈಚಳಕ ಹೊಗಳುತ್ತ, “ಕ್ಯಾ ಹಾತ್ ಹೈ, ಮಾಸ್ತರ್ ಸಾಬ್! ನಮ್ ಕೂಲರ್ ಸ್ಟ್ಯಾಂಡಿಗೂ ಜಂಗ್ ಹತ್ತ್ಯಾದ, ಜರಾ ನೋಡ್ರಿ” ಎಂದರು. ನೋಡಿದೆ. ಆ ತುಕ್ಕನ್ನು ನೋಡಿದ್ದೇ ತಪ್ಪಾಯಿತು. ಕೂಲರ್ ಸ್ಟ್ಯಾಂಡಿನ ಹಿಂದೆ ಕುಡುಗೋಲು ಬಂತು, ರೊಟ್ಟಿ ಹಂಚು ಬಂತು, ಯಾರದೋ ಸೈಕಲ್ಲಿನ ಚಕ್ರ ಬಂತು. ತಂದವರೆಲ್ಲ ಮೊದಲು ಹೊಗಳಿದರು, ಆಮೇಲೆ ಸಾಮಾನು ಕೊಟ್ಟರು. ಕಾರಿನ ಬಂಪರಿಗೆ ಪಾಪ, ಹೊಗಳಲು ಬಾಯಿರಲಿಲ್ಲ.

ಮದುವೆಯ ದಿನ ಕಾರು ಇಟ್ಟಂಗಿಗಳ ಮೇಲೆ ಕುಳಿತೇ ಇತ್ತು. ನಫೀಸಾ ಬೇಗಂ ಮರುಗಿ ಮಗನ ಜೀಪಿನಲ್ಲಿ ನಮ್ಮನ್ನು ಔರಾದಿಗೆ ಕಳಿಸಿದರು. ಬಂಧುಗಳಿಗೆ ಏನು ಹೇಳುವುದೆಂದು ನಾನು ಒಳಗೊಳಗೇ ಬೆವರುತ್ತ ಪೆಂಡಾಲಿನೊಳಗೆ ಕಾಲಿಟ್ಟರೆ, ಅಲ್ಲಿ ಅಡುಗೆಯವನು ತಲೆಮೇಲೆ ಕೈಹೊತ್ತು ನಿಂತಿದ್ದ. ಬಾಡಿಗೆಗೆ ತಂದ ದೊಡ್ಡ ಕಡಾಯಿಗೆ ತುಕ್ಕು ಹಿಡಿದಿತ್ತು. ಮಾವನವರು ಪೇಟ ಸರಿಮಾಡಿಕೊಳ್ಳುತ್ತ ಘೋಷಿಸಿದರು: “ಚಿಂತಿ ಯಾಕ? ನಮ್ ಅಳಿಯಂದ್ರು ಬಂದಾರಲ್ಲ! ಹಿಂಥಾ ಕೆಲಸದಾಗ ಅವ್ರನ್ನ ಮೀರ್ಸೋರಿಲ್ಲ.”

“ಬ್ಯಾಡ್ರಿ, ಹೊಸ ಅಂಗಿ ಅದ” ಎಂದು ಸುಮಿತ್ರಾ ಹೇಳುವಷ್ಟರಲ್ಲಿ ನಾನು ತೋಳು ಮಡಚಿಯಾಗಿತ್ತು.

ಅಕ್ಷತೆ ಬಿದ್ದದ್ದು ಪೆಂಡಾಲಿನ ಹಿಂದಿದ್ದ ನನಗೆ ವಾದ್ಯದ ಸದ್ದಿನಿಂದ ಗೊತ್ತಾಯಿತು. ಕೂಡಲೇ ಫೋಟೋಕ್ಕೆ ಕರೆ ಬಂತು. ಕೆಂಪು-ಕಪ್ಪು ಮೆತ್ತಿದ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಎದೆ ಸೆಟೆಸಿ ನಿಂತೆ. ಆ ಫೋಟೋ ನೋಡಿದ ಬಂಧುಗಳೆಲ್ಲ, “ಮಾಸ್ತರು ಹ್ಯಾಂಗ ಠೀವಿಲೆ ನಿಂತಾರ ನೋಡ್ರಿ!” ಎಂದರು. ನಾನೂ ಮತ್ತೆ ಮತ್ತೆ ನೋಡಿದೆ. ಸುಳ್ಳೇಕೆ, ಠೀವಿ ಇತ್ತು. ಈಗ ಯಾವ ಫೋಟೋಕ್ಕೂ ಹಾಗೆಯೇ ನಿಲ್ಲುತ್ತೇನೆ, ಕೈ ಸ್ವಚ್ಛವಾಗಿದ್ದರೂ.