ಹೀಟರಿಗೆ ಅರ್ಥ ಬಂದದ್ದು

ಮುಂಬಯಿಯಲ್ಲಿ ಹೀಟರು ಇಟ್ಟುಕೊಂಡವನ ಮಾತನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಬೆವರು ಒರೆಸಿಕೊಳ್ಳುತ್ತಲೇ ಬದುಕುವ ಊರಿಗೆ ಅದನ್ನು ಯಾಕೆ ತಂದೆ ಎಂದು ನನ್ನ ನೆನಪನ್ನು ಕೇಳಿದರೆ, ಅದು ಪ್ರತಿ ಸಲ ಬೇರೆ ಉತ್ತರ ಕೊಡುತ್ತದೆ. ಇಂಗ್ಲೆಂಡಿಗೆ ಮರಳುತ್ತಿದ್ದ ನಮ್ಮ ಆಫೀಸಿನ ಸಾಹೇಬ ನನ್ನ ತಲೆಗೆ ಕಟ್ಟಿ ಹೋದ ಎಂದು ಒಮ್ಮೆ. ಧಾರವಾಡದಿಂದ ಬಂದಿದ್ದ ನನ್ನ ಸೋದರತ್ತೆ ಗಂಗತ್ತೆಯ ಮೊಣಕಾಲು ನೋವಿಗೆಂದು ನಾನೇ ಕೇಳಿ ತಂದೆ ಎಂದು ಇನ್ನೊಮ್ಮೆ. ಎರಡನೆಯದರಲ್ಲಿ ನಾನು ಒಳ್ಳೆಯವನಾಗಿ ಕಾಣುವುದರಿಂದ ಅದನ್ನು ನಂಬುವುದು ಕಷ್ಟ. ಹೆಂಡತಿ ಸುಮತಿಯಂತೂ ಅದರ ಬಣ್ಣವನ್ನೇ ಒಪ್ಪುವುದಿಲ್ಲ. ನನಗೆ ಅದು ಹಸಿರು, ಅವಳಿಗೆ ಬೂದು. ಒಟ್ಟಿನಲ್ಲಿ ಮಡಿಕೆ ಮಡಿಕೆಯಾದ ಕಬ್ಬಿಣದ ಮೈ, ಹೊಟ್ಟೆಯ ತುಂಬ ಎಣ್ಣೆ, ಅಡಿಯಲ್ಲಿ ಗಾಲಿ. ಮಾಟುಂಗದ ನಮ್ಮ ಎರಡು ಕೋಣೆಯ ಮನೆಯೊಳಗೆ ಅದು ಉರುಳಿ ಬಂದಾಗ ಗಂಗತ್ತೆ ಕೇಳಿದ್ದು ಒಂದೇ: “ಎಣ್ಣಿ ಯಾವುದೋ ತಮ್ಮಾ? ಎಳ್ಳೆಣ್ಣಿ ಇದ್ರ ವಾತಕ್ಕ ಭಾಳ ಛಲೋ.”

ವೈರಿನ ತುದಿಗೆ ಮೂರು ಕಾಲಿನ ಪ್ಲಗ್ಗು, ನಮ್ಮ ಗೋಡೆಯಲ್ಲಿ ಎರಡೇ ತೂತು. ನಾನಾಗ ಪ್ರಾಸ ಬಿಟ್ಟು ಕವಿತೆ ಬರೆಯುತ್ತಿದ್ದೆ. ಬೇಡದ್ದನ್ನು ಕಿತ್ತು ಹಾಕುವುದರಲ್ಲಿ ಕೈ ಪಳಗಿತ್ತು. ಎರಡು ಕಾಲಿನ ಪ್ಲಗ್ಗು ತಂದು ಎರಡು ತಂತಿ ಸೇರಿಸಿದೆ. ಉಳಿದ ಹಸಿರು ತಂತಿಯನ್ನು ಪ್ರಾಸವೆಂದೇ ತಿಳಿದು, ಮಡಚಿ ಪಟ್ಟಿ ಸುತ್ತಿದೆ. ಹೀಟರು ಬಿಸಿಯಾಯಿತು! ಮುಟ್ಟಿದರೆ ಸಣ್ಣಗೆ ಜುಮ್ ಎಂದಿತು ಕೂಡ. ಸುಮತಿ ಹೆದರಿ ದೂರ ಸರಿದಳು. ಗಂಗತ್ತೆ ಮರುಳಾದಳು. “ಬಿಸಿ ಏನ್ ಬಿಡು, ಒಲಿನೂ ಕೊಡ್ತದ. ಈ ಜುಮ್ ಅಂತದಲ್ಲ, ಅದು ಖರೇ ಔಷಧ. ಎಲಬಿನ ತನಕಾ ಹೋಗ್ತದ” ಎಂದು ವಡಾಲದ ಗೆಳತಿಯನ್ನೂ ಕರೆಸಿ ಮುಟ್ಟಿಸಿದಳು.

ಕೆಳಗಿನ ಮಹಡಿಯ ಕಾಮತರದು ವಿದ್ಯುತ್ ಸಾಮಾನಿನ ಅಂಗಡಿ. ನಮ್ಮ ಕನ್ನಡ ಸಂಘದ ಕಾರ್ಯದರ್ಶಿಯೂ ಅವರೇ. ಹಿಂದಿನ ಭಾನುವಾರವಷ್ಟೇ ಸಂಘದಲ್ಲಿ ನನ್ನ ಕವಿತೆ ಕೇಳಿ, ಮಂಗಳೂರಿನ ವಿನಯದಲ್ಲಿ, “ಎಲ್ಲ ಉಂಟು, ಅರ್ಥ ಒಂದು ಇಲ್ಲ” ಎಂದಿದ್ದರು. ಆ ವಾರ ಒಂದು ಬೆಳಿಗ್ಗೆ ಪೇಪರು ಕೇಳಲು ಬಂದವರು ಹೀಟರಿನ ಮೇಲೆ ಕೈಯಿಟ್ಟು ಹೌಹಾರಿದರು. ಪ್ಲಗ್ಗು ನೋಡಿ, “ಎಂಥ ಮಾರಾಯ್ರೆ, ಇದರಲ್ಲಿಯೂ ಅರ್ಥ್ ಇಲ್ಲವಲ್ಲ!” ಎಂದರು.

ನನಗೆ ರೇಗಿತು. “ಅರ್ಥ ಬೇಕು ಅನ್ನೋದು ಹಳೇ ಕಾಲದ ಹಟ, ಕಾಮತರ. ಮನಸ್ಸಿಗೆ ಮುಟ್ಟಿದ್ರ ಸಾಕು.”

“ಮುಟ್ಟಿತಲ್ಲ, ಮೊಣಕೈ ತನಕ! ನಿಮ್ಮ ಕವಿತೆ ಸುಡುಗಾಡಿಗೆ ಹೋಗ್ಲಿ. ಅರ್ಥಿಂಗ್ ಮಾರಾಯ್ರೆ, ನೆಲಕ್ಕೆ ಹೋಗುವ ತಂತಿ! ಕಬ್ಬಿಣದ ಮೈಗೆ ಸೋರಿದ ಕರೆಂಟಿಗೆ ಹೋಗ್ಲಿಕ್ಕೆ ದಾರಿ ಇಲ್ಲ. ಯಾರಾದ್ರೂ ಒದ್ದೆ ಕೈಯಲ್ಲಿ ಹಿಡಿದ್ರೆ ಅವರೇ ದಾರಿ. ಅಲ್ಲಿಗೆ ಮುಗೀತು.”

ಆ ಹೊತ್ತಿಗೇ ಗಂಗತ್ತೆ ಬಚ್ಚಲಿನಿಂದ ಹೊರಬಂದಳು, ತಲೆಗೆ ನೀರೆರೆದುಕೊಂಡು, ಒದ್ದೆ ಸೀರೆಯಲ್ಲಿ, ಎರಡೂ ಕೈಯನ್ನು ಹೀಟರಿನತ್ತ ಚಾಚಿ. ನಾನು ಅವಳನ್ನು ಹಿಡಿಯಲು ಹಾರಿದೆ.

“ದೂರ ಸರಿ! ಮಡಿ!” ಎಂದು ಗುಡುಗಿದಳು.

ಪ್ರಾಸ ಬಿಟ್ಟವನು ನಾನು; ಆದರೆ ಆ ಗುಡುಗಿಗೆ ಬಾಲ್ಯದಿಂದ ಹೆದರಿದ ಕೈ ಅವಳನ್ನು ಮುಟ್ಟಲಾರದೆ ಗೋಡೆಯತ್ತ ತಿರುಗಿ ಪ್ಲಗ್ಗನ್ನೇ ಕಿತ್ತಿತು. ಗಂಗತ್ತೆಯ ಬೆರಳಿಗೆ ಸಿಕ್ಕಿದ್ದು ಬರೀ ಬಿಸಿ ಕಬ್ಬಿಣ. ಕಾಮತರು ಕುರ್ಚಿಯಲ್ಲಿ ಕುಸಿದು, “ಸರಿ ಮಾಡಿದ್ರಿ. ಮೊದಲು ಪ್ಲಗ್ಗು. ಮನುಷ್ಯರನ್ನು ಮುಟ್ಲಿಕ್ಕೇ ಬಾರದು” ಎಂದರು. ವಿಜ್ಞಾನವೂ ಮಡಿಯೂ ಒಂದೇ ಮಾತಾಡಿದ್ದನ್ನು ನಾನು ಕಂಡದ್ದು ಆಗ ಮಾತ್ರ. ಅವೆರಡರ ನಡುವೆ ನಿಂತು ಗೆದ್ದವನು ನಾನು! ಲೋಕಲ್ ರೈಲಿನಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಪ್ರತಿ ಸಲ ಹೇಳುವಾಗಲೂ, ಪ್ಲಗ್ಗು ಕಿತ್ತ ಗಳಿಗೆಯಲ್ಲಿ ಅವಳ ಬೆರಳಿಗೂ ಹೀಟರಿಗೂ ಇದ್ದ ಅಂತರ ಇನ್ನಷ್ಟು ಕಡಿಮೆಯಾಗುತ್ತಿತ್ತು.

ಕಾಮತರು ಸೋರುವ ಜಾಗ ರಿಪೇರಿ ಮಾಡಿಸಿ, ಮೂರು ತೂತಿನ ಸಾಕೆಟ್ಟು ಹಾಕಿಸಿ, ನೆಲದ ತನಕ ದಪ್ಪ ತಂತಿ ಇಳಿಸಿದರು. ಗಂಗತ್ತೆ ಮುಟ್ಟಿ ನೋಡಿದಳು. ಇನ್ನೊಮ್ಮೆ ಮುಟ್ಟಿದಳು.

“ಜುಮ್ ಅನ್ನಂಗಿಲ್ಲಲ್ಲೋ! ಏನ್ ಮಾಡಿದ್ರಿ ಇದಕ್ಕ?”

“ಅರ್ಥ ಕೊಟ್ಟೇವಿ, ಅತ್ಯಾ.”

“ಕೊಟ್ಟು ಕೆಡಿಸಿದ್ರಿ.”

ಗೆದ್ದ ಹುರುಪಿನಲ್ಲಿ ಮುಂದಿನ ಭಾನುವಾರ ಸಂಘದಲ್ಲಿ ಹೊಸ ಕವಿತೆ ಓದಿದೆ. ಕಾಮತರ ಬಾಯಿ ಮುಚ್ಚಿಸಬೇಕೆಂದು ಈ ಸಲ ಸಾಲು ಸಾಲಿಗೂ ಅರ್ಥ ತುಂಬಿದ್ದೆ. ಕಾಮತರು ಮೊದಲಿಗರಾಗಿ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಮುಂದಿನ ಸಾಲಿನಿಂದ ಗಂಗತ್ತೆ ಸುಮತಿಯ ಕಿವಿಯಲ್ಲಿ, ಇಡೀ ಸಭೆಗೆ ಕೇಳುವಂತೆ, ಕೇಳಿದಳು: “ಜುಮ್ ಅನ್ನಂಗಿಲ್ಲಲ್ಲ, ಇದಕ್ಕೂ ತಂತಿ ಹಾಕ್ಯಾರೇನ?”