ಭಾವನ ರಿಸರ್ವ್

ಮೈಕ್ ಕೆಡಬಹುದಿತ್ತು. ಕರೆಂಟ್ ಹೋಗಬಹುದಿತ್ತು (ದುಬೈಯಲ್ಲಿ ಹೋಗುವುದಿಲ್ಲ, ಗೊತ್ತು, ನಾನು ಸನ್ಮಾನ ಸಮಾರಂಭದ ನಿರೂಪಕನಾದ ದಿನವೇ ಹೋದರೆ?). ಭಾವ ಅಬುಧಾಬಿಯ ಬನಿಯಾಸ್‌ನಿಂದ ಬರುವ ದಾರಿಗೆ ಮಂಜು ಮುಸುಕಬಹುದಿತ್ತು. ಸಾರು ಹಳಸಬಹುದಿತ್ತು. ಎಲ್ಲಕ್ಕಿಂತ ಭಯಂಕರವೆಂದರೆ, ಆ ಭಾವ ನಮ್ಮ ಕನ್ನಡ ಸಂಘದ ಅಧ್ಯಕ್ಷರನ್ನು ವೇದಿಕೆಯ ಮೇಲೆಯೇ ಮಡಚಿ ಚೀಲಕ್ಕೆ ತುಂಬಬಹುದಿತ್ತು!

ನಗಬೇಡಿ. ನನ್ನ ಅಕ್ಕನ ಗಂಡ ಏನನ್ನು ಬೇಕಾದರೂ ಮಡಚಬಲ್ಲರು. ಈಗ ಅಬುಧಾಬಿಯ ಒಂದು ಕಂಪನಿಯಲ್ಲಿ ಸ್ಟೋರ್‌ಕೀಪರ್. ಅದಕ್ಕೆ ಮೊದಲು ಸೈನ್ಯದಲ್ಲಿ, ಕಮಾಂಡೋಗಳ ಬೆನ್ನಿಗೆ ನಿಲ್ಲುವ ಬೆಟಾಲಿಯನ್‌ನಲ್ಲಿ ಪ್ಯಾರಾಶೂಟ್ ಮಡಚುತ್ತಿದ್ದರು. ಮಡಚಿದವರೇ ಆಗಾಗ ಅದನ್ನು ಕಟ್ಟಿಕೊಂಡು ಹಾರಬೇಕೆಂಬ ನಿಯಮ ಅಲ್ಲಿತ್ತಂತೆ. ಹಾಗಾಗಿ ದುಬೈಯ ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಮನೆಗೆ ಬಂದಾಗಲೆಲ್ಲ ನಾನು ಮಡಚಿಟ್ಟ ಬೆಡ್‌ಶೀಟನ್ನು ಎಳೆದು ಬಿಚ್ಚುತ್ತಾರೆ.

"ಇದನ್ನು ಕಟ್ಟಿಕೊಂಡು ನೀನು ಹಾರ್ತೀಯಾ ಮಾರಾಯ?"

ಇನ್ನೊಂದು ರೋಗ, ರಿಸರ್ವ್. ದೊಡ್ಡ ಪ್ಯಾರಾಶೂಟ್ ಬಿಚ್ಚಿಕೊಳ್ಳದಿದ್ದರೆ ಎದೆಯ ಮೇಲಿನ ಚಿಕ್ಕದು ಬೇಕಲ್ಲ? ಆದ್ದರಿಂದ ಎಲ್ಲವೂ ಎರಡೆರಡು. ನನ್ನ ಮದುವೆಗೆ ಎರಡು ತಾಳಿ ತಂದಿದ್ದರು. ವರನಿಗೊಂದು ರಿಸರ್ವ್ ತರಲಿಲ್ಲವಲ್ಲ ಎಂದು ನನ್ನ ಹೆಂಡತಿಗೆ ಈಗಲೂ ಬೇಸರ!

ಇಂಥವರ ಹೆಸರನ್ನು ಮಾಜಿ ಸೈನಿಕರ ಸನ್ಮಾನಕ್ಕೆ ನಾನೇ ಸೂಚಿಸಿದೆ. ಅಧ್ಯಕ್ಷರು ಮುಖ ಹುಳ್ಳಗೆ ಮಾಡಿದರು. "ಇವರು ಸಾಮಾನು ಕೊಡುವವರಲ್ವಾ? ಫೈಟ್ ಮಾಡಿದವರು ಯಾರೂ ಸಿಗ್ಲಿಲ್ವಾ?"

ಅವರ ಹಿಂದೆಯೇ ಭಾವ ನಿಂತಿದ್ದರು!

"ಅಧ್ಯಕ್ಷರೇ, ವಿಮಾನದ ಬಾಗಿಲಲ್ಲಿ ನಿಂತ ಕಮಾಂಡೋ ಯಾರನ್ನು ನಂಬುದು? ನಿಮ್ಮನ್ನಾ? ಮೊದಲು ಅವರಿಗೆ ಲಾರಿ ಕೊಡುದು ಒಂದು ಪಡೆ, ಅಡುಗೆಯವನನ್ನು ಕಳಿಸುದು ಇನ್ನೊಂದು ಪಡೆ. ರೇಡಿಯೋ ಬಂದ್ರೆ ಬ್ಯಾಟರಿ ಇಲ್ಲ! ಆಮೇಲೆ ನಮ್ಮನ್ನೆಲ್ಲ ಸೇರಿಸಿ ಒಂದು ಬೆಟಾಲಿಯನ್ ಕಟ್ಟಿದ್ದು. ಶಾಲು ನೀವೇ ಹೊದ್ದುಕೊಳ್ಳಿ. ಆ ಕಥೆ ಮೈಕಿನಲ್ಲಿ ಹೇಳುದಾದ್ರೆ ಮಾತ್ರ ನಾನು ವೇದಿಕೆ ಹತ್ತುದು. ಇಲ್ಲದಿದ್ರೆ ಖಲಾಸ್!"

"ಆಯ್ತು, ಚುಟುಕಾಗಿ ಹೇಳಲಿ," ಎಂದರು ಅಧ್ಯಕ್ಷರು. ಹೇಳಬೇಕಾದವನು ನಾನು. ನನ್ನ ನಿದ್ದೆ ಅಂದೇ ಹಾರಿತು, ಪ್ಯಾರಾಶೂಟ್ ಇಲ್ಲದೆ!

ಕಾರ್ಯಕ್ರಮದ ದಿನ ಭಾವ ಕಾರಿನ ತುಂಬ ರಿಸರ್ವ್ ತಂದರು: ಎರಡನೇ ಮೈಕ್, ಎರಡನೇ ವೈರ್, ಎರಡನೇ ಪಾತ್ರೆ ಸಾರು. ಯಾವುದೂ ಬೇಕಾಗಲಿಲ್ಲ. ಅವರಿಗೆ ಸ್ವಲ್ಪ ನಿರಾಸೆಯೇ ಆಯಿತೆನ್ನಿ.

ಭಾವ ವೇದಿಕೆ ಹತ್ತಿದರು. ನಾನು ಶುರುಮಾಡಿದೆ. ಬೆಟಾಲಿಯನ್ ಹುಟ್ಟಿದ್ದು ಹೇಳಿದೆ, ಅದರಲ್ಲಿ ಯಾರ್‍ಯಾರಿದ್ದರೆಂದು ಹೇಳತೊಡಗಿದೆ. ಅಧ್ಯಕ್ಷರು ಪಕ್ಕದಿಂದ "ಸಾಕು, ಯಲ್ಲಾ, ಬೇಗ ಮುಗಿಸಿ!" ಎಂದು ಕೈಬೀಸಿದರು. ಲಿಫ್ಟಿನಲ್ಲಿ ಬಟನ್ ಒತ್ತಲೂ ಇತರರ ಅನುಮತಿ ಕೇಳುವ ನಾನು, ಅಂದು ಮೈಕನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ. "ಅಡುಗೆಯವರು! ಡ್ರೈವರ್‌ಗಳು! ರಿಪೇರಿಯವರು! ಸ್ಟೋರ್ ಕಾಯುವವರು!"

ಸಭಾಂಗಣದ ಹಿಂದಿನ ಸಾಲುಗಳಲ್ಲಿ ಡ್ಯೂಟಿಯಿಂದ ನೇರವಾಗಿ ಬಂದವರು ಕುಳಿತಿದ್ದರು. ಹೋಟೆಲ್ ಅಡುಗೆಮನೆಯವರು, ಆಸ್ಪತ್ರೆಯ ಡ್ರೈವರ್‌ಗಳು, ಯೂನಿಫಾರ್ಮ್ ಕೂಡ ಬದಲಿಸದವರು. ಅವರಲ್ಲೊಬ್ಬ ಎದ್ದು ನಿಂತ. ಆಮೇಲೆ ಅವನ ಪಕ್ಕದವನು. ಆಮೇಲೆ ಇಡೀ ಸಾಲು. ಶಾಲು ಹಿಡಿದು ನಿಂತ ಅಧ್ಯಕ್ಷರನ್ನು ಬಿಟ್ಟು, ಭಾವ ಆ ಸಾಲುಗಳತ್ತ ತಿರುಗಿ ಅಟೆನ್ಷನ್‌ಗೆ ಬಂದರು.

"ಪ್ಯಾರಾಶೂಟ್ ಮಡಚು..." ಎನ್ನುವಷ್ಟರಲ್ಲಿ ನನ್ನ ಗಂಟಲು ಕಟ್ಟಿತು. ಅಂದು ಕೆಟ್ಟುಹೋದದ್ದು ಅದೊಂದೇ.

ಭಾವ ನನ್ನತ್ತ ನೋಡಿ, ಅಭ್ಯಾಸಬಲದಿಂದ ಎರಡೂ ಜೇಬು ತಡಕಿದರು. ಅದಕ್ಕೆ ಮಾತ್ರ ಅವರ ಬಳಿ ರಿಸರ್ವ್ ಇರಲಿಲ್ಲ.