ಕಟ್ಟಿನ ಸಾರೋ, ಕಟಾಚಿ ಆಮಟಿಯೋ?

ನಗೆಪಾಟಲನ್ನು ನಮ್ಮ ಮನೆಯವರು ಹುಡುಕಿಕೊಂಡು ಹೋದವರಲ್ಲ; ಒಲೆಯ ಮೇಲೆ ಪಾತ್ರೆ ಇಟ್ಟರೆ ಸಾಕು, ಅದೇ ಬಂದು ಕೂತಿರುತ್ತಿತ್ತು. ಸಂಸ್ಥಾನದ ಕಾಲದ ಜಮಖಂಡಿಯಲ್ಲಿ ನನ್ನ ಮದುವೆಯೂ ಹೀಗೇ ಸಾರಿನಲ್ಲಿ ಮುಳುಗುವುದಿತ್ತು.

ಒತ್ತಕ್ಷರದ ಜಗಳ

ಹೋಳಿಗೆಗೆಂದು ಕಡಲೆಬೇಳೆ ಬೇಯಿಸಿ ಬಸಿದ ನೀರೇ ಕಟ್ಟು. ಅದಕ್ಕೆ ಸುಟ್ಟ ಕೊಬ್ಬರಿ, ಲವಂಗ ಅರೆದು ಹಾಕಿ, ಹುಣಸೆಹುಳಿ, ಬೆಲ್ಲ ಕೂಡಿಸಿ ಕುದಿಸಿದರೆ ಕಟ್ಟಿನ ಸಾರು. ಪಕ್ಕದ ಮನೆಯಲ್ಲಿ ಕಚೇರಿಯ ಕಾರಕೂನರಿದ್ದರು. ಅವರ ಹೆಂಡತಿ ಮರಾಠಿಯವರು, ಎಲ್ಲರಿಗೂ ‘ಬಾಯಾರು’. ಅವರು ಅದನ್ನೇ ಕಟಾಚಿ ಆಮಟಿ ಎನ್ನುತ್ತಿದ್ದರು.

“ಕಟ ಅನ್ನೂದು ನಮ್ಮ ಶಬ್ದ. ನಮ್ಮನ್ನ ನೋಡಿ ನೀವು ಕಲ್ತೀರಿ,” ಎಂದರು ಒಮ್ಮೆ ಗೋಡೆಯಾಚೆಯಿಂದ.

ಅವ್ವ ಬಿಟ್ಟಾಳೆಯೇ? “ಅದು ಕಟ್ಟುರೀ ಬಾಯಾರ. ನೀವು ಹೊತ್ಕೊಂಡು ಹೋಗೂಮುಂದ ಒತ್ತಕ್ಷರ ಕೃಷ್ಣಾ ಹೊಳ್ಯಾಗ ಬಿದ್ದೈತಿ!”

ಬೀಗರ ಮುಂದೆ ಏಕವಚನ

ಹೋಳಿಹುಣ್ಣಿಮೆಯ ದಿನ ಮುಧೋಳದವರು ನನ್ನನ್ನು ನೋಡಲು ಬಂದರು. ಹುಡುಗನ ತಂದೆ ಮಹಾ ಕಟ್ಟುನಿಟ್ಟು. ಸಾರು ನೀರಾಗಿದೆ ಎಂದು ಬೀಳಗಿಯಲ್ಲಿ ಒಂದು ಹುಡುಗಿಯನ್ನೇ ಬೇಡವೆಂದು ಎದ್ದುಬಂದವರು. ನಾನೋ ಬಾಗಿಲ ಸಂದಿಯಿಂದ ಹುಡುಗನನ್ನು ನೋಡಿದ್ದೆ. ಮನಸ್ಸಿಗೆ ಬಂದುಬಿಟ್ಟಿದ್ದ. ಇನ್ನು ಎಲ್ಲವೂ ಸಾರಿನ ಕೈಯಲ್ಲಿತ್ತು.

ಅವ್ವ ಕಟ್ಟು ಬಸಿದು ಹಿತ್ತಲಲ್ಲಿ ಆರಲು ಇಟ್ಟಿದ್ದಳು. ಎಮ್ಮೆ ಅತ್ತ ಬರುವುದನ್ನು ಕಂಡು ಒಳಗಿನಿಂದಲೇ ಒದರಿದಳು: “ಅಯ್ಯ, ಎಮ್ಮಿ ಬಂತು! ಕಟ್ಟು! ಕಟ್ಟು!”

ಪಡಸಾಲೆಯಲ್ಲಿ ಬೀಗರ ಜೊತೆ ಕೂತಿದ್ದ ಅಪ್ಪ ಎದ್ದು ಹೋಗಿ ಎಮ್ಮೆಯನ್ನು ಕಟ್ಟಿದ. ಪಾತ್ರೆಯ ಪಕ್ಕದ ಗೂಟಕ್ಕೇ! ಅವ್ವ ಬಂದು ನೋಡುವಷ್ಟರಲ್ಲಿ ಎಮ್ಮೆ ತಳ ನೆಕ್ಕುತ್ತಿತ್ತು.

“ನಾ ಕಟ್ಟು ಅಂದದ್ದು ಬ್ಯಾಳಿ ಕಟ್ಟುರೀ!”

“ನನಗೇನ ಗೊತ್ತು? ಯಾವಾಗ್ಲೂ ಕಟ್ರಿ ಅನ್ನಾಕಿ, ಇವತ್ತ ಕಟ್ಟು ಅಂದಿ. ಬೀಗರ ಮುಂದ ಜಗಳ ಬ್ಯಾಡಂತ ಸುಮ್ನ ಕಟ್ಟಿ ಬಂದೆ.”

ಗೋಡೆಯ ಬಳಿ ಶರಣಾಗತಿ

ನನಗೆ ಅಳುವೇ ಬಂತು. ಅವ್ವ ಖಾಲಿ ಪಾತ್ರೆ ಹಿಡಿದು ಗೋಡೆಯ ಹತ್ತಿರ ನಿಂತಳು. ಹುಣ್ಣಿಮೆಯಲ್ಲವೇ, ಬಾಯಾರ ಮನೆಯಲ್ಲೂ ಹೋಳಿಗೆಯೇ.

“ಬಾಯಾರ, ಸಾರು ಇದ್ರ ಒಂದೀಟ ಕೊಡ್ರಿ.”

“ಸಾರು? ನಮ್ಮ ಮನ್ಯಾಗ ಸಾರು ಮಾಡೂದಿಲ್ಲಲ್ರಿ!”

ಅವ್ವ ನನ್ನ ಮುಖ ನೋಡಿದಳು. “ಆಮಟಿ ಕೊಡ್ರಿ.”

“ಕೇಳ್ಸಲಿಲ್ರಿ.”

“ಆಮಟಿ! ಆಮಟಿ! ಓಣಿಗೆಲ್ಲಾ ಡಂಗುರ ಹೊಡೀಲೇನು?”

ಬಾಯಾರು ನಗುತ್ತ ಪಾತ್ರೆ ತುಂಬಿಸಿ ಕೊಟ್ಟರು.

ಆ ಕೈ

ಪಂಕ್ತಿಯಲ್ಲಿ ಹುಡುಗನ ತಂದೆಯ ಪಕ್ಕದಲ್ಲೇ, ನೆರೆಯವರೆಂದು ಊಟಕ್ಕೆ ಕರೆದಿದ್ದ ಕಾರಕೂನರಿಗೆ ಎಲೆ. ಅವರಿಗೆ ಈ ಸಂಗತಿ ಯಾರೂ ಹೇಳಿರಲಿಲ್ಲ. ಒಂದು ಗುಟುಕು ಕುಡಿದು ಅವರು ಹುಬ್ಬು ಗಂಟಿಕ್ಕಿದರು. ಹುಡುಗನ ತಂದೆ ಮಾತ್ರ ಸೊರ್ರೆಂದು ಕುಡಿದು ಮೀಸೆ ಒರೆಸಿಕೊಂಡರು.

“ಛಲೋ ಆಗೈತಿ! ಈ ಸಾರು ಮಾಡಿದ ಕೈ ಇವತ್ತ ನಮ್ಮ ಮನಿಗೆ ಕೊಡ್ರಿ!”

ಕಾರಕೂನರು ತುತ್ತು ಬಿಟ್ಟು ಧಡಕ್ಕನೆ ಎದ್ದರು. “ಅದೊಂದು ಆಗೂದಿಲ್ರಿ! ಆ ಕೈ ನನ್ನ ಹೆಂಡತೀದು!”

ಮೊದಲು ನಕ್ಕವನು ಹುಡುಗ. ನಕ್ಕು ನಕ್ಕು ಹೋಳಿಗೆ ಗಂಟಲಿಗೆ ಸಿಕ್ಕಿತು. ಮಗನ ಬೆನ್ನು ಗುದ್ದುತ್ತ ಅವನ ತಂದೆಯೂ ನಕ್ಕರು.

“ಕೂಡ್ರಿ ಕಾರಕೂನರ, ಊಟ ಮಾಡ್ರಿ. ನಿಮ್ಮ ಹೆಂಡತಿ ನಿಮಗ ಇರ್ಲಿ. ನಮಗ ಹುಡುಗಿ ಸಾಕು.”